ವಿಮಲಾಳ ದೊಡ್ಡ ಪರದೆ

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಕಂಪ್ಯೂಟರನ್ನು ಹಾಗೆಯೇ ಎತ್ತಿಕೊಂಡು ಬಂದವರಿಗೂ, ಅದರ ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ಆರಿಸಿ ತಂದು ಜೋಡಿಸಿಕೊಂಡವರಿಗೂ ನಡಿಗೆಯಲ್ಲೇ ವ್ಯತ್ಯಾಸವಿರುತ್ತದೆ, ನೀವೂ ಗಮನಿಸಿರಬಹುದು. ಮೊದಲನೆಯವರು ಬರೀ ಗ್ರಾಹಕರು, ಎರಡನೆಯವರು ತಮ್ಮ ಮಟ್ಟಿಗೆ ಸೃಷ್ಟಿಕರ್ತರು. ಹುಮನಾಬಾದಿನ ಕಾಲೇಜೊಂದರಲ್ಲಿ ಗಣಿತ ಕಲಿಸುವ ನಾನು ಈ ಎರಡನೆಯ ಪಂಗಡದವನು. ನನ್ನ ಕೀಲಿಮಣೆ ಮದುವೆಮನೆಯ ದೀಪದ ಸರದಂತೆ ಬಣ್ಣ ಬಣ್ಣವಾಗಿ ಮಿನುಗುತ್ತದೆ. ಅದರಿಂದ ನನ್ನ ಬೆರಳಚ್ಚಿನ ವೇಗ ಕಿಂಚಿತ್ತೂ ಹೆಚ್ಚಿಲ್ಲವೆಂಬುದು ಬೇರೆ ಮಾತು. ಆದರೂ ನಮ್ಮ ಬಂಧುಬಳಗದಲ್ಲಿ ಯಾರಿಗೆ ಕಂಪ್ಯೂಟರ್ ಬೇಕಾದರೂ ನನ್ನನ್ನೇ ಸಲಹೆ ಕೇಳುತ್ತಾರೆ. ಕೇಳದವರಿಗೂ ನಾನು ಹೇಳುತ್ತೇನೆ.

ಹೀಗಿರುವಾಗ ನನ್ನ ತಂಗಿ ರತ್ನಮ್ಮನ ಮಗಳು ವಿಮಲಾಳಿಂದ ಫೋನು ಬಂತು. ದುಬಲಗುಂಡಿಯಲ್ಲಿ ಹುಟ್ಟಿ ಬೆಳೆದ ಈ ಹುಡುಗಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಓದಿದಳು, ಶಿಕ್ಷಕ ತರಬೇತಿ ಮುಗಿಸಿದಳು, ಬಸವಕಲ್ಯಾಣದ ಪ್ರೌಢಶಾಲೆಯೊಂದರಲ್ಲಿ ಇತಿಹಾಸದ ಮೇಡಂ ಆದಳು. ತಾಯಿಯನ್ನೂ ಕರೆದುಕೊಂಡು ಹೋಗಿ ಅಲ್ಲೇ ಬಾಡಿಗೆ ಮನೆ ಹಿಡಿದಳು. ತೆರೆಯ ಮೇಲಿನ ಅಕ್ಷರಗಳನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ನೆರವಿನಿಂದ ಅವಳು ಕಂಪ್ಯೂಟರನ್ನು ಸರಾಗವಾಗಿ ಬಳಸುತ್ತಾಳೆ. ಆದರೆ ಅದುವರೆಗೆ ಬಳಸಿದ್ದೆಲ್ಲ ಪರರ ಕಂಪ್ಯೂಟರು. “ಮಾಮಾ, ಈಗ ನಂದು ಅಂತ ಒಂದು ಬೇಕ್ರಿ. ಹುಮನಾಬಾದಿಗೆ ಬರ್ತೇನಿ, ಕೂಡಿ ಆರಿಸೋಣು” ಎಂದಳು.

ಆಗ ನನಗಾದ ಹುರುಪನ್ನು ಏನೆಂದು ಹೇಳಲಿ! ಶನಿವಾರ ಅವಳು ಬಸ್ಸಿಳಿಯುವ ಹೊತ್ತಿಗೆ ನನ್ನ ತಲೆಯಲ್ಲಿ ಅವಳ ಕಂಪ್ಯೂಟರ್ ಸಂಪೂರ್ಣ ಸಿದ್ಧವಾಗಿತ್ತು. ನನ್ನ ತರ್ಕ ಗಣಿತಜ್ಞನಿಗೆ ತಕ್ಕಂತೆ ಶುದ್ಧವಾಗಿತ್ತು: ಕಣ್ಣು ಕಾಣದವಳಿಗೆ ಮಾನಿಟರ್ ಅನಾವಶ್ಯಕ, ಅದನ್ನು ಕೈಬಿಟ್ಟರೆ ಒಳ್ಳೆಯ ಪ್ರೊಸೆಸರ್ ಹಾಕಿಸಬಹುದು, ಹೆಚ್ಚಿನ ರ‍್ಯಾಮ್ ಹಾಕಿಸಬಹುದು. ಇಂಥ ಅಪೂರ್ವ ಉಪಾಯ ಇನ್ನಾರಿಗೆ ಹೊಳೆದೀತು ಎಂದು ದಾರಿಯುದ್ದಕ್ಕೂ ಒಳಗೊಳಗೇ ಬೀಗುತ್ತ ಅವಳನ್ನು ಸಲೀಂ ಭಾಯಿಯ ಅಂಗಡಿಗೆ ಕರೆದೊಯ್ದೆ.

ಸಲೀಂ ಭಾಯಿ ನನ್ನ ಹಳೆಯ ಪರಿಚಯದವರು. ಕೀಲಿಮಣೆಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಹರಡಿದರು. ವಿಮಲಾ ಒಂದೊಂದರ ಮೇಲೂ ಬೆರಳಾಡಿಸಿದಳು. ಬಣ್ಣ ಮಿನುಗುವ ಕೀಲಿಮಣೆಗೆ ನಾನು ಮಣೆ ಹಾಕಲು ಹೊರಟಾಗ ಅವಳು ಅದನ್ನು ನಯವಾಗಿ ಪಕ್ಕಕ್ಕೆ ಸರಿಸಿ, ಕೀಲಿಗಳು ಆಳಕ್ಕಿಳಿದು ಟಕ್ಕೆಂದು ಸದ್ದು ಮಾಡುವ ಒಂದು ಸಾದಾ ಮಣೆಯನ್ನು ಎತ್ತಿಕೊಂಡಳು. ಎರಡೂ ಕಿವಿ ಮುಚ್ಚುವ ದಪ್ಪ ಹೆಡ್‌ಫೋನು ಕೊಟ್ಟರೆ ಅದೂ ಬೇಡವೆಂದಳು. “ಒಂದೇ ಕಿವಿದು ಸಾಕ್ರಿ ಭಾಯಿ. ಇನ್ನೊಂದು ಕಿವಿ ನಮ್ಮ ಅವ್ವಂದು. ಆಕಿ ಕರದ್ರ ಕೇಳಬೇಕಲ್ಲ” ಎಂದು ನಕ್ಕಳು.

ಅನಂತರ ನಾನು ಗಂಟಲು ಸರಿಪಡಿಸಿಕೊಂಡು, ಮಾನಿಟರ್ ಬೇಡವೆಂಬ ನನ್ನ ಸಿದ್ಧಾಂತವನ್ನು ಸವಿಸ್ತಾರವಾಗಿ ಮಂಡಿಸಿದೆ. ಸಲೀಂ ಭಾಯಿ ತಲೆದೂಗಿ, “ಸರ್ ಹೇಳೋದು ಬರಾಬರ್ ಅದಾರಿ ಅಕ್ಕಾ. ಖಾಲಿಪೀಲಿ ಯಾಕ ತಗೋತೀರಿ?” ಎಂದರು. ವ್ಯಾಪಾರಿಯೇ ವ್ಯಾಪಾರ ಬೇಡವೆಂದ ಮೇಲೆ ನನ್ನ ಗೆಲುವು ಖಚಿತವಾಯಿತೆಂದುಕೊಂಡೆ.

“ಇಲ್ರಿ. ಮಾನಿಟರ್ ಬೇಕು. ನಿಮ್ಮ ದುಕಾನದಾಗ ಎಲ್ಲಾಕ್ಕಿಂತ ದೊಡ್ಡದು ಯಾವ್ದದ, ಅದ ಬೇಕು” ಎಂದಳು ವಿಮಲಾ.

ಅವಳು ನನ್ನ ಕಡೆಗೆ ಮುಖ ತಿರುಗಿಸಿ, ಸಿಟ್ಟಿಲ್ಲದ ದನಿಯಲ್ಲಿ, ನನಗೆ ಗೊತ್ತಿಲ್ಲದಿದ್ದ ಸಂಗತಿಯೊಂದನ್ನು ಹೇಳಿದಳು.

“ಟ್ರೇನಿಂಗ್ ಮಾಡುವಾಗ ಲ್ಯಾಬಿನಾಗ ಕುಂತು ಒಂದು ಪಾಠ ಬರಿಯಾಕತ್ತಿದ್ದೆ ಮಾಮಾ. ಮಾನಿಟರ್ ಬಂದ್ ಇತ್ತಂತ, ನನಗೇನ್ ಗೊತ್ತು? ಯಾರೋ ಬಂದ್ರು. ಈಕಿ ಸುಮ್ನ ಕೀಬೋರ್ಡ್ ಕುಟ್ಕೋತ ಕುಂತಾಳ ಅಂದ್ಕೊಂಡ್ರು. ‘ಏಳಮ್ಮ, ಕೆಲಸ ಇದ್ದವ್ರು ಕುಂದರ್ಲಿ’ ಅಂತ ಬಟನ್ ಒತ್ತಿ ಕಂಪ್ಯೂಟರ್ ಬಂದ್ ಮಾಡೇ ಬಿಟ್ರು. ಬರದದ್ದೆಲ್ಲ ಹೋಯ್ತು. ನಾ ಮಾಡೋ ಕೆಲಸ ನನಗ ಕೇಳ್ತದ. ಮಂದಿಗಿ ಕಾಣಬೇಕಲ್ರಿ?”

ಪರದೆ ಎಂಬ ಶಬ್ದಕ್ಕೆ ಮರೆಮಾಡುವುದೆಂಬ ಅರ್ಥವೊಂದೇ ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಳಕೆಯಲ್ಲಿತ್ತು. ಇವಳು ಕೇಳುತ್ತಿದ್ದುದು ತೋರಿಸುವ ಪರದೆ. ನನ್ನ ಶುದ್ಧ ತರ್ಕದಲ್ಲಿ ಕಂಪ್ಯೂಟರಿನ ಮುಂದೆ ಕೂತವಳ ಲೆಕ್ಕವಿತ್ತೇ ಹೊರತು, ಅವಳ ಬೆನ್ನ ಹಿಂದೆ ನಿಲ್ಲುವ ಜಗತ್ತಿನ ಲೆಕ್ಕವಿರಲಿಲ್ಲ. ಸಲೀಂ ಭಾಯಿ ಒಳಗೆ ಹೋಗಿ, ಬಾಗಿಲಿಗೆ ಅಡ್ಡವಾಗುವಷ್ಟು ಅಗಲದ ಪೆಟ್ಟಿಗೆಯೊಂದನ್ನು ತಂದು ಇಟ್ಟರು. “ಏಕದಂ ಜಬರ್ದಸ್ತ್ ಅದಾರಿ ಇದು” ಎಂದರು. ವಿಮಲಾ ಪೆಟ್ಟಿಗೆಯ ಈ ತುದಿಯಿಂದ ಆ ತುದಿಗೆ ಎರಡೂ ಕೈ ಚಾಚಿ ಅಳೆದಳು. ಅವಳ ಮುಖದಲ್ಲಿ ಆಗ ಮೂಡಿದ ಹಿಗ್ಗನ್ನು ಕಂಡು, ಬೇಡವೆಂದು ವಾದಿಸಿದ್ದ ನಾನೇ ಆ ಪೆಟ್ಟಿಗೆಯನ್ನು ಬಸ್‌ ನಿಲ್ದಾಣದವರೆಗೆ ಹೆಗಲ ಮೇಲೆ ಹೊತ್ತೆ.

ಮರುದಿನ ಬಸವಕಲ್ಯಾಣದ ಅವಳ ಮನೆಯಲ್ಲಿ ಜೋಡಣೆಯ ಮಹಾಯಜ್ಞ ನಡೆಯಿತು. ನಾನು ಆಚಾರ್ಯನ ಗತ್ತಿನಲ್ಲಿ ತಿರುಪುಗಳನ್ನು ಬಿಗಿಮಾಡುತ್ತಿದ್ದರೆ, ಪ್ರತಿಯೊಂದು ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ವಿಮಲಾ ಕೈಯಿಂದ ಮುಟ್ಟಿ ತಿಳಿದುಕೊಂಡಳು. ರತ್ನಮ್ಮ ಬಾಗಿಲ ಬಳಿ ನಿಂತು ಎಲ್ಲವನ್ನೂ ನೋಡಿದಳು. ಒಳಗೆ ಬಾ ಎಂದರೆ, “ನನಗೇನ್ ತಿಳೀತದ ಅಣ್ಣಾ ಅದ್ರಾಗ” ಎಂದು ಅಡುಗೆಮನೆಗೆ ಸರಿದಳು. ಏಳನೆಯ ಇಯತ್ತೆಯವರೆಗೆ ಓದಿದ ನನ್ನ ತಂಗಿ ಮಗಳ ವಿದ್ಯಾಭ್ಯಾಸಕ್ಕೆ ಬೆನ್ನೆಲುಬಾಗಿ ನಿಂತವಳು. ಆದರೆ ಮಗಳು ಓದುತ್ತಿದ್ದ ಉಬ್ಬಕ್ಷರದ ಬ್ರೈಲ್ ಪುಸ್ತಕಗಳಲ್ಲಿ ಏನಿದೆಯೆಂದು ಆಕೆಗೆ ಒಮ್ಮೆಯೂ ತಿಳಿದಿರಲಿಲ್ಲ.

ಮುಂದಿನ ಭಾನುವಾರ ಎಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ವಿಚಾರಿಸುವ ನೆಪದಲ್ಲಿ, ನಿಜವಾಗಿ ನನ್ನ ಕೈಚಳಕವನ್ನು ನಾನೇ ಕಣ್ತುಂಬ ನೋಡಿಕೊಳ್ಳಲು, ಮತ್ತೆ ಹೋದೆ. ವಿಮಲಾ ಮರುದಿನ ಮಕ್ಕಳಿಗೆ ಹಂಚಬೇಕಾದ ಇತಿಹಾಸದ ಪಾಠವೊಂದನ್ನು ಬರೆದು ಮುಗಿಸುತ್ತಿದ್ದಳು. ಚಹಾ ತಂದ ರತ್ನಮ್ಮ, ಗೋಡೆಯಷ್ಟಗಲದ ಬೆಳಕಿನಲ್ಲಿ ಕಪ್ಪಗೆ ಸಾಲುಗಟ್ಟಿ ನಿಂತಿದ್ದ ಕನ್ನಡವನ್ನು ಕಂಡು ಅಲ್ಲೇ ನಿಂತಳು. ತುಟಿ ಅಲುಗಿಸುತ್ತ ನಿಧಾನವಾಗಿ ಓದತೊಡಗಿದಳು. ಓದುತ್ತ ಓದುತ್ತ ಇದ್ದಕ್ಕಿದ್ದಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಮೈಯೆಲ್ಲ ಕುಲುಕಿ ನಗತೊಡಗಿದಳು.

“ಯಾಕವ್ವಾ?” ಎಂದಳು ವಿಮಲಾ ಗಾಬರಿಯಿಂದ.

“ಏ ಹುಡುಗಿ, ರಾಜ ಮಂತ್ರಿಗಿ ‘ಹೇಳಿದನು’ ಅಂತ ಇರಬೇಕಲ್ಲ? ಇಲ್ಲಿ ಬ್ಯಾರೇನ ಮಾಡ್ಯಾನ ನೋಡು ನಿನ್ನ ರಾಜ!”

ನಾನೂ ಬಗ್ಗಿ ನೋಡಿದೆ. ಶಿಫ್ಟ್ ಕೀಲಿಯನ್ನು ಒತ್ತುವುದು ತಪ್ಪಿ ಳಕಾರ ಲಕಾರವಾಗಿತ್ತು. ಅಷ್ಟರಿಂದಲೇ ಆ ಮಹಾರಾಜನು ತುಂಬಿದ ಸಭೆಯಲ್ಲಿ, ಮಂತ್ರಿಯ ಸಮ್ಮುಖದಲ್ಲಿ, ಯಾವ ರಾಜನೂ ಮಾಡಬಾರದ ಕೆಲಸವನ್ನು ಮಾಡಿಬಿಟ್ಟಿದ್ದನು. ಗಡಿಬಿಡಿಯಲ್ಲಿ ಓದುವ ಆ ಯಂತ್ರದ ನಾಲಗೆಗೆ ಈ ಸೂಕ್ಷ್ಮಭೇದ ಸಿಕ್ಕಿರಲಿಲ್ಲ. ಒಂಬತ್ತನೆಯ ತರಗತಿಯ ಮಕ್ಕಳ ಕೈಗೆ ಅದು ಸಿಕ್ಕಿದ್ದರೆ! ವಿಮಲಾಗೆ ಅರ್ಥವಾದದ್ದೇ ತಡ, ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ನಾವು ಮೂವರೂ ಚಹಾ ಆರುವವರೆಗೆ ನಕ್ಕೆವು.

ರಾಜನ ಮಾನ ಉಳಿಸಿದ ಮೇಲೆ ವಿಮಲಾ, “ಅವ್ವಾ, ಮ್ಯಾಲಿಂದ ಪೂರಾ ಒಮ್ಮಿ ನೋಡ್ತೀಯೇನು?” ಎಂದು ಕೇಳಿದಳು. ರತ್ನಮ್ಮ ನನ್ನ ಮುಖ ನೋಡಿದಳು, ಸೆರಗಿನಿಂದ ಕೈ ಒರೆಸಿಕೊಂಡಳು, ನಾನು ಕೂತಿದ್ದ ಕುರ್ಚಿಯನ್ನು ನನ್ನಿಂದ ಬಿಡಿಸಿಕೊಂಡು ಮಗಳ ಪಕ್ಕಕ್ಕೆ ಎಳೆದು ಕೂತಳು. ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು ಕರೆದಾಗ, “ಆಮ್ಯಾಲ ಬರ್ರಿ ಬಾಯಿ. ಮಗಳ ಪಾಠ ನೋಡಾಕತ್ತೇನಿ” ಎಂದಳು. ಆ ದನಿಯ ಠೀವಿಯನ್ನು ನನ್ನ ಯಾವ ಪ್ರೊಸೆಸರೂ ನನಗೆ ಕೊಟ್ಟಿರಲಿಲ್ಲ.

ರತ್ನಮ್ಮ ಕಣ್ಣು ಕಿರಿದು ಮಾಡಿಕೊಂಡು ಮುಂದಕ್ಕೆ ಬಾಗಿದ್ದು ಕುರ್ಚಿಯ ಸದ್ದಿನಿಂದಲೇ ವಿಮಲಾಗೆ ತಿಳಿಯಿತೋ ಏನೋ, ಎರಡು ಕೀಲಿಗಳನ್ನು ಕೂಡಿಸಿ ಒತ್ತಿದಳು. ಒತ್ತಿದ ಹಾಗೆಲ್ಲ ಪರದೆಯ ಅಕ್ಷರಗಳು ದಪ್ಪ ದಪ್ಪವಾಗಿ ಬೆಳೆದವು.

“ಅವ್ವಾ, ಈಗ ಕಾಣಸ್ತಾವೇನು?”

“ಕಾಣಸ್ತಾವವ್ವಾ. ಚಂದ ಕಾಣಸ್ತಾವ.”