ಹೊಲಿಗೆಯಮ್ಮನ ಲೆಕ್ಕದ ಕ್ಲಾಸು

ಆ ಸ್ಕೂಲ್ ಇನ್‌ಸ್ಪೆಕ್ಟರರು ಸತ್ತು ಎಷ್ಟೋ ವರ್ಷವಾಯಿತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ನನಗಿದೆ, ಇರಲಿ.

ಆಗ ಎರಡನೇ ಮಹಾಯುದ್ಧದ ಕಾಲ. ಮಳವಳ್ಳಿ ಸೀಮೆಯ ಒಂದು ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ನಾನು ಹೆಡ್‌ಮಿಸ್ಟ್ರೆಸ್ಸು. ಲೆಕ್ಕ ಹೇಳಿಕೊಡುತ್ತಿದ್ದಾಕೆ ಮದುವೆಯಾಗಿ ಕೆಲಸ ಬಿಟ್ಟಳು. ಬದಲಿಗೆ ಯಾರನ್ನಾದರೂ ಕೊಡಿ ಎಂದು ನಾಲ್ಕು ಸಲ ಬರೆದೆ. 'ಇರುವವರಲ್ಲೇ ಹೊಂದಿಸಿಕೊಳ್ಳತಕ್ಕದ್ದು' ಎಂದು ಒಂದು ಸಾಲಿನ ಉತ್ತರ ಬಂತು. ಹೊಂದಿಸಿದೆ. ಭೂಗೋಳದವರನ್ನು ಇಂಗ್ಲಿಷಿಗೆ ಹಾಕಿದೆ, ಸಂಗೀತದವರನ್ನು ಚರಿತ್ರೆಗೆ. ಚರಿತ್ರೆ ಓದಿದ ನಾನು ವಿಜ್ಞಾನ ತೆಗೆದುಕೊಂಡೆ. ಲೆಕ್ಕಕ್ಕೆ ಉಳಿದವರು ಹೊಲಿಗೆ ಕಲಿಸುವವರೊಬ್ಬರೇ. ದರ್ಜಿಯೊಬ್ಬರ ವಿಧವೆ, ಟ್ರೇನಿಂಗ್ ಆಗಿಲ್ಲ, ಹಂಗಾಮಿ ನೌಕರಿ. ಹಾಸಿಗೆ ಹಿಡಿದ ತಾಯಿಯನ್ನು ಆ ನೌಕರಿಯಲ್ಲೇ ಸಾಕುತ್ತಿದ್ದರು. ಊರಿಗೆಲ್ಲ ಅವರು ಹೊಲಿಗೆಯಮ್ಮ.

"ನಂಗೆ ಲೆಕ್ಕ ಬರಾಕಿಲ್ಲ ಅಮ್ಮೋರೆ," ಎಂದರು. "ಬಟ್ಟೆ ಕತ್ತರ್ಸೋಕೆ ಎಸ್ಟು ಬೇಕೋ ಅಸ್ಟು ಬತ್ತದೆ."

"ಅಷ್ಟನ್ನೇ ಕಲಿಸಿ," ಎಂದೆ.

ಅವರು ಹಾಗೇ ಮಾಡಿದರು. ಹಳೇ ಪಂಚೆಯ ತುಂಡು ತಂದು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಭಿನ್ನರಾಶಿ ಅಂದರೆ ಕಣ್ಣೀರು ಹಾಕುತ್ತಿದ್ದ ಹುಡುಗಿಯರು ಕಾಲು, ಅರೆ, ಮುಕ್ಕಾಲನ್ನು ಮಡಿಕೆ ಎಣಿಸಿ ಹೇಳತೊಡಗಿದರು. ಬಾಗಿಲಲ್ಲಿ ನಿಂತು ನಾನೂ ಕಲಿತೆ.

ತನಿಖೆಗೆ ಬಂದ ಇನ್‌ಸ್ಪೆಕ್ಟರರ ಕಣ್ಣಿಗೆ ಬಿದ್ದದ್ದು ಮೇಜಿನ ಮೇಲಿನ ಪಂಚೆ. "ಇದೇನ್ರೀ, ಸ್ಕೂಲೋ ದರ್ಜಿ ಅಂಗಡಿಯೋ? ಭಿನ್ನರಾಶಿ ಗುಣಿಸೋ ಸೂತ್ರ ಹೇಳಿ ನೋಡೋಣ," ಎಂದರು. ಹೊಲಿಗೆಯಮ್ಮನಿಗೆ ಸೂತ್ರ ಎಲ್ಲಿ ಬರಬೇಕು? ಪಂಚೆ ಎತ್ತಿಕೊಂಡು ಮಡಿಸಿ ತೋರಿಸಹೋದರು. ಮಕ್ಕಳೆದುರಿಗೇ ಇನ್‌ಸ್ಪೆಕ್ಟರರು ನಕ್ಕರು. ವಿಸಿಟ್ ಬುಕ್ಕಿನಲ್ಲಿ, 'ಈಕೆಗೆ ಲೆಕ್ಕ ಬಾರದು. ಈ ತರಗತಿ ದರ್ಜಿ ಅಂಗಡಿಯಂತಿದೆ. ಪರೀಕ್ಷೆಯಲ್ಲಿ ಒಬ್ಬಳು ಫೇಲಾದರೂ ಈಕೆಯನ್ನು ತೆಗೆಯುವುದು' ಎಂದು ಬರೆದು ಹೋದರು. ನನ್ನ ಮೈ ಉರಿದುಹೋಯಿತು. ಇವರಿಗೆ ಇಲ್ಲಿಯೇ ಬುದ್ಧಿ ಕಲಿಸದಿದ್ದರೆ ನಾನು ಹೆಣ್ಣೇ ಅಲ್ಲ ಅಂದುಕೊಂಡೆ.

ಒಬ್ಬಳೂ ಫೇಲಾಗಲಿಲ್ಲ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಹೊಲಿಗೆಯಮ್ಮನ ಕೆಲಸ ಉಳಿಯುತ್ತಿತ್ತು. ನಾನು ಸುಮ್ಮನಿರುವವರ ಪೈಕಿಯಲ್ಲ.

ವಾರ್ಷಿಕೋತ್ಸವಕ್ಕೆ ಇನ್‌ಸ್ಪೆಕ್ಟರರನ್ನೇ ಅಧ್ಯಕ್ಷರಾಗಿ ಕರೆದೆ. ಜರತಾರಿ ವಲ್ಲಿ ಹೊದ್ದು ಬಂದರು. ಹೆಡ್‌ಮಿಸ್ಟ್ರೆಸ್ಸು ವರ್ಷದ ವರದಿ ಓದುವುದು ವಾಡಿಕೆ, ಸಭೆಯವರು ತೂಕಡಿಸುವುದೂ ವಾಡಿಕೆ. ವಿಸಿಟ್ ಬುಕ್ಕನ್ನು ಹೊರಗಿನವರಿಗೆ ತೋರಿಸುವಂತಿಲ್ಲ, ಅದು ಬೀರುವಿನಲ್ಲೇ ಇರತಕ್ಕದ್ದು. ನಾನು ಅವರ ಮಾತನ್ನು ಅಕ್ಷರ ಬಿಡದೆ ವರದಿಗೆ ಸೇರಿಸಿ ಅಮಲ್ದಾರರ ಮುಂದೆ, ಊರವರ ಮುಂದೆ ಗಟ್ಟಿಯಾಗಿ ಓದಿದೆ. ಆಮೇಲೆ ಪರೀಕ್ಷೆಯ ಫಲಿತಾಂಶ ಓದಿದೆ. "ನಂಬಿಕೆ ಇಲ್ಲದಿದ್ದರೆ ಅಧ್ಯಕ್ಷರೇ ಒಂದು ಲೆಕ್ಕ ಕೇಳಲಿ," ಎಂದು ಹಲಗೂರಿನ ಕಡೆಯ ಹುಡುಗಿಯೊಬ್ಬಳನ್ನು ವೇದಿಕೆ ಹತ್ತಿಸಿದೆ.

ಕೇಳದೆ ವಿಧಿಯಿರಲಿಲ್ಲ. "ಮುಕ್ಕಾಲು ಗಜ ಬಟ್ಟೆ. ಅದರಲ್ಲಿ ಮೂರನೇ ಎರಡು ಭಾಗ ಎಷ್ಟು?" ಎಂದರು.

"ನಿಮ್ ವಲ್ಲಿ ಒಸಿ ಕೊಡಿ ಸಾ," ಎಂದು ಅವಳು ಕೈ ಚಾಚಿದಳು. ಕೊಟ್ಟರು. ಇಡೀ ವಲ್ಲಿಯನ್ನು ಒಂದು ಗಜ ಅನ್ಕಳಿ ಎಂದು ನಾಲ್ಕು ಮಡಿಕೆ ಹಾಕಿದಳು. ಒಂದನ್ನು ಬಿಟ್ಟಳು, ಉಳಿದ ಮೂರರಲ್ಲಿ ಎರಡನ್ನು ಎತ್ತಿ ಹಿಡಿದಳು. "ಅರ್ಧ ಗಜ ಸಾ."

ಹಿಂದಿನ ಸಾಲಿನಿಂದ ಒಬ್ಬ ಗೌಡರು, "ನಮ್ ಐಕ್ಳು ದರ್ಜಿ ಅಂಗ್ಡೀಲೇ ಓದ್ಲಿ ಬುಡಿ ಸ್ವಾಮಿ," ಎಂದರು. ಸಭೆಗೆ ಸಭೆಯೇ ನಕ್ಕಿತು, ಅಮಲ್ದಾರರೂ ನಕ್ಕರು. ಇನ್‌ಸ್ಪೆಕ್ಟರರು ಮುದುಡಿದ ವಲ್ಲಿ ಹಿಡಿದು ಇಂಗು ತಿಂದ ಮಂಗನ ಹಾಗೆ ಕೂತಿದ್ದರು. ಆ ಮುಖ ನೆನೆಸಿಕೊಂಡರೆ ಇವತ್ತಿಗೂ ನನಗೆ ಹೊಟ್ಟೆ ತಣ್ಣಗಾಗುತ್ತದೆ. ಸುಳ್ಳು ಹೇಳಲಾರೆ.

ತಿಂಗಳೊಳಗೆ ಇನ್‌ಸ್ಪೆಕ್ಟರರ ಸಹಿ ಇದ್ದ ಆರ್ಡರು ಬಂತು. ಟ್ರೇನಿಂಗ್ ಆಗದ ಹಂಗಾಮಿಯವರನ್ನು ಮುಂದುವರಿಸತಕ್ಕದ್ದಲ್ಲ. ನಮ್ಮ ಶಾಲೆಯಲ್ಲಿ ಅಂಥವರು ಇದ್ದದ್ದು ಒಬ್ಬರೇ. ನಾನು ಖಾಯಂ, ನನ್ನನ್ನು ಮುಟ್ಟುವಂತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಂಡ್ಯಕ್ಕೆ ಹೋಗಿ ಕಚೇರಿಯಲ್ಲಿ ಕೂಗಾಡಿದೆ. ರೂಲು ರೂಲೇ ಅಂದರು.

ಹೊಲಿಗೆಯಮ್ಮ ಕತ್ತರಿ, ಅಳತೆ ಟೇಪು ನನ್ನ ಮೇಜಿನ ಮೇಲಿಟ್ಟರು. ಸೇಡು ತೀರಿಸಿಯೇ ತೀರಿಸುತ್ತೇನೆ, ಮೇಲಿನವರಿಗೆ ಬರೆಯುತ್ತೇನೆ ಎಂದು ನಾನು ಹಾರಾಡುತ್ತಿದ್ದೆ.

"ಬ್ಯಾಡಿ ಅಮ್ಮೋರೆ," ಎಂದರು. "ನೀವು ಅವತ್ತೇ ಗೆದ್ರಲ್ಲ. ನಂಗೆ ಗೆಲ್ಲೋದು ಬೇಕಿರ್ನಿಲ್ಲ. ಕೆಲ್ಸ ಬೇಕಿತ್ತು."

ಮತ್ತೆ ಬದಲಿ ಯಾರೂ ಬರಲಿಲ್ಲ. ಲೆಕ್ಕವನ್ನು ನಾನೇ ತೆಗೆದುಕೊಂಡೆ, ಸೂತ್ರ ಬಾಯಿಪಾಠ ಮಾಡಿ ಹೋಗಿ ಕಲಿಸಿದೆ. ಆ ವರ್ಷ ಒಂಬತ್ತು ಹುಡುಗಿಯರು ಫೇಲಾದರು. ಅದಕ್ಕಾಗಿ ನನ್ನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ.