ಪರದೆಯ ಹಿಂದಿನ ಒಂದು ಮಾತು

ಗಂಗಕ್ಕ, ಆ ಮಧ್ಯಾಹ್ನ ಪರದೆಯ ಹಿಂದಿನಿಂದ ‘ಕಳಿಸು’ ಅಂದದ್ದು ನಿಮ್ಮಪ್ಪ ಅಲ್ಲ. ನಾನು.

ಎಂಟು ವರ್ಷ ಈ ಒಂದು ಸಾಲನ್ನು ನುಂಗಿಕೊಂಡು ತಿರುಗಿದ್ದೇನೆ. ಕೊಟ್ಟೂರಿನಲ್ಲಿ ನಾನು ಅಣಕಿಸದ ಗಂಟಲಿಲ್ಲ — ಬಸ್ ಕಂಡಕ್ಟರ್, ಹೈಸ್ಕೂಲಿನ ಹೆಡ್‌ಮಾಸ್ತರ್, ಒಲೆ ಊದುತ್ತಾ ಬೈಯುವ ನಮ್ಮಜ್ಜಿ. ‘ನಿನ್ನ ಸ್ವಂತ ದನಿ ಯಾವುದೋ’ ಎಂದು ಯಾರಾದರೂ ಕೇಳಿದರೆ ಮಾತ್ರ ತಡವರಿಸುತ್ತೇನೆ. ಇದನ್ನು ಆ ದನಿಯಲ್ಲೇ ಬರೆಯಲು ನೋಡುತ್ತಿದ್ದೇನೆ. ಕೀರಲಾದರೆ ನಗು, ತಪ್ಪಿಲ್ಲ.

ನಿಮ್ಮ ಟೈಲರ್ ಅಂಗಡಿಯ ಕಟ್ಟಳೆ ಊರಿಗೆಲ್ಲ ಗೊತ್ತಿತ್ತು. ಯಾರು ಏನೇ ಹೊಲಿಯಲಿ, ಪರದೆಯ ಹಿಂದೆ ಕೂತ ಈರಪ್ಪ ಮಾಸ್ತರು — ನಿಮ್ಮಪ್ಪ — ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದು ‘ಕಳಿಸು’ ಅನ್ನಬೇಕು. ಆ ಮಾತಿಲ್ಲದೆ ಒಂದು ಚಡ್ಡಿಯೂ ಹೊಸ್ತಿಲು ದಾಟುತ್ತಿರಲಿಲ್ಲ. ಪಕ್ಕದ ನನ್ನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತು ದಿನಕ್ಕೆ ಇಪ್ಪತ್ತು ಸಲ ಅದನ್ನು ಕೇಳಿದವನು ನಾನು.

ನೀನು ಹಳೆಯ ಧೋತರ, ಬಣ್ಣ ಹೋದ ಸೀರೆ, ಹರಿದ ಕಂಬಳಿ ಕೂಡಿಸಿ ಕೋಟು ಹೊಲಿಯತೊಡಗಿದೆ. ಅದೂ ಹೊಲಿಗೆಯನ್ನೆಲ್ಲ ಹೊರಗೆ ಬಿಟ್ಟು. ಊರು ನಕ್ಕಿತು. ನಗಿಸಿದವನು ನಾನೇ, ನಿನ್ನ ನಡಿಗೆ ನಡೆದು ತೋರಿಸಿ. ಮಾಸ್ತರು ನಗಲಿಲ್ಲ.

“ಹೊಲಿಗಿ ಹೊರಗ ಕಂಡ್ರ ಟೈಲರನ ಮಾನ ಹೋದಂಗ,” ಅಂದರು.

“ಹೊದಿಯೋ ಕೌದ್ಯಾಗ ಕಂಡ್ರ ಚಂದ, ಕೋಟಿನ್ಯಾಗ ಕಂಡ್ರ ಮಾನ ಹೋಗತೈತೇನಪ್ಪ? ಕೈ ದುಡಿದದ್ದು ಕಾಣಲಿ ಬಿಡು.”

ಅಂದಿನಿಂದ ಅವರು ನಿನ್ನೊಡನೆ ಮಾತು ಬಿಟ್ಟರು. ಕೋಟುಗಳು ಮೊಳೆಯಲ್ಲೇ ತೂಗಿದವು. ಹಂಪಿಯಿಂದ ಉದ್ದಗೂದಲಿನ ಹಿಪ್ಪಿಯೊಬ್ಬ ಬಂದು ಕೈಮುಗಿದು ಕೇಳಿದರೂ ನೀನು ಕೊಡಲಿಲ್ಲ. ಊರಿಗೆಲ್ಲ ತಿರುಗಿಬಿದ್ದವಳು, ಆ ಒಂದು ಮಾತಿಗೆ ಮಾತ್ರ ಕಾದು ಕೂತೆ.

ಕೊನೆಗೆ ಬೆಂಗಳೂರಿನ ಅಂಗಡಿಯೊಂದರಿಂದ ಆರು ಕೋಟುಗಳು ಬೇಕೆಂದು ಕಾಗದ ಬಂತು. ಕಳಿಸಬೇಕಾದ ದಿನ ಮಾಸ್ತರು ಊಟಕ್ಕೆ ಹೋಗಿದ್ದರು. ನಾನು ಅವರ ಸ್ಟೂಲಿನ ಮೇಲೆ ಕೂತು, ಅವರ ಕನ್ನಡಕ ಹಾಕಿ, ನನ್ನಷ್ಟಕ್ಕೆ ನಾನೇ ಮಾಸ್ತರಾಗಿದ್ದೆ. ನಿನ್ನ ಹೆಜ್ಜೆ ಕೇಳಿತು. ಎದ್ದು ಬರಬೇಕಿತ್ತು. ಅವರಂತೆ ಕೆಮ್ಮಿದೆ.

“ಅಪ್ಪಾ, ಬಸ್ಸಿಗೆ ಹೊತ್ತಾತು. ಕಳಿಸಲೋ, ಎಲ್ಲಾ ಬಿಚ್ಚಿ ನೀ ಹೇಳಿದಂಗ ಹೊಲೀಲೋ?”

ಕತ್ತರಿ ಬಾಯಿ ತೆರೆದ ಸದ್ದಾಯಿತು.

“ಕಳಿಸು,” ಅಂದೆ.

ನೀನು ಅಳುತ್ತಾ ಓಡಿದ್ದು ಕೇಳಿಸಿತು. ಮಾಸ್ತರು ಊಟ ಮುಗಿಸಿ ಬಂದಾಗ ಆರು ಮೊಳೆ ಬರಿದಾಗಿದ್ದವು. ಒಂದೊಂದನ್ನೂ ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ನಾನು ನೋಡುತ್ತಾ ನಿಂತಿದ್ದೆ. ಅವರು ಮುಂದೆಯೂ ನಿನ್ನೊಡನೆ ಮಾತಾಡಲಿಲ್ಲ; ಆ ಒಂದು ‘ಕಳಿಸು’ ಮುಂದಿನ ಎಲ್ಲ ಕೋಟುಗಳಿಗೂ ಆಯಿತೆಂದು ನೀನೂ ಮತ್ತೆಂದೂ ಪರದೆ ಸರಿಸಿ ಕೇಳಲಿಲ್ಲ.

ಈಗ ದಾವಣಗೆರೆಯ ಕಾಲೇಜು ಹುಡುಗಿಯರು ಹೊರಹೊಲಿಗೆಯ ಜಾಕೀಟು ತೊಟ್ಟು ಓಡಾಡುತ್ತಾರೆ. ಅಂದು ನಕ್ಕವರೇ ಬೀಗರನ್ನು ಕರೆತಂದು ನಿನ್ನ ಅಂಗಡಿ ತೋರಿಸುತ್ತಾರೆ. ನನ್ನ ಎದೆ ಎಷ್ಟು ಉಬ್ಬುತ್ತದೆಂದರೆ, ನೀನು ಹೊಲಿದುಕೊಟ್ಟ ಕೋಟಿನ ಗುಂಡಿ ಎರಡು ಸಲ ಕಿತ್ತುಹೋಗಿದೆ. ಸನ್ಮಾನವಾದಲ್ಲೆಲ್ಲ ನೀನು, “ನಮ್ಮಪ್ಪ ಕಳಿಸು ಅಂದ, ಅದರ ಮ್ಯಾಲೆ ನಿಂತೀನ್ರಿ,” ಅನ್ನುತ್ತೀ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುವವನು ನಾನು.

ತೀರಿಕೊಳ್ಳುವ ಮುಂಚಿನ ವರ್ಷ ಮಾಸ್ತರು ತಮ್ಮ ರೇಡಿಯೋ ತಂದು ನನ್ನ ಅಂಗಡಿಯಲ್ಲಿ ಕೂತಿದ್ದರು. “ಮಗಳ ಕೆಲಸ ಹೆಂಗೈತ್ರಿ ಮಾಸ್ತರ?” ಎಂದು ಕೆಣಕಿದೆ.

“ಅಕಿ ಮತ್ತ ಬಂದು ಕೇಳತಾಳಂತ ಕಾದೆ ಲೇ. ಕೇಳಿದ್ರ ಹೇಳತಿದ್ದೆ. ಕೇಳಲೇ ಇಲ್ಲ.”

ಏನು ಹೇಳುತ್ತಿದ್ದರು? ಅಕ್ಕಾ, ನಾನು ಅದನ್ನೂ ಕೇಳಲಿಲ್ಲ. ತಲೆ ಬಗ್ಗಿಸಿ ರೇಡಿಯೋದ ತಿರುಪು ಬಿಚ್ಚಿದೆ. ಅವರು ಆಡಬೇಕಾದ ಮಾತನ್ನು ನಾನು ಆಡಿಬಿಟ್ಟಿದ್ದೆ. ಅವರದು ಅವರಲ್ಲೇ ಉಳಿದುಹೋಯಿತು.

ಜನ ಈಗಲೂ, “ಮಾಸ್ತರ ದನಿ ಮಾಡೋ ಲೇ,” ಅನ್ನುತ್ತಾರೆ. ಕಂಡಕ್ಟರನದು ಮಾಡಿ ತಪ್ಪಿಸಿಕೊಳ್ಳುತ್ತೇನೆ.

ಈ ಕಾಗದವನ್ನು ಟಪಾಲಿಗೆ ಹಾಕುವುದಿಲ್ಲ. ನಾಳೆ ನಿನ್ನ ಅಂಗಡಿಗೆ ಬಂದು, ಪರದೆಯ ಈಚೆ ನಿಂತು, ನಾನೇ ಓದುತ್ತೇನೆ — ನನ್ನ ದನಿಯಲ್ಲಿ.