ಭಾವನ ಇಳಿಜಾರು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಭಾವನದು ಇದಕ್ಕೆ ತದ್ವಿರುದ್ಧ: ನೆಲ ಡೊಂಕಿದ್ದರೆ ಮಾತ್ರ ಅವರ ಕುಣಿತ. ಸಮನೆಲದ ಮೇಲೆ ಅವರ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಆದ್ದರಿಂದ ಭೂಮಿಯ ಮೇಲಿರುವ ಸಮನೆಲವೆಲ್ಲ ಕೆಲಸಕ್ಕೆ ಬಾರದ್ದು ಎಂದು ಅವರು ತೀರ್ಮಾನಿಸಿ ವರ್ಷಗಳೇ ಆಗಿವೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ಅವರ ಕಸುಬು. ಮಂಚ, ಬೀರು, ಫ್ರಿಜ್ಜು, ಹೂವಿನ ಕುಂಡ, ಗೋಡೆ ಗಡಿಯಾರ ಎಲ್ಲವನ್ನೂ ತಮ್ಮ ಹಳೆಯ ಡೀಸೆಲ್ ಪಿಕಪ್ಪಿಗೆ ಹೇರಿ, ಹಗ್ಗ ಬಿಗಿದು, ಒಂದು ಮನೆಯಿಂದ ಇನ್ನೊಂದು ಮನೆಗೆ ಮುಟ್ಟಿಸುತ್ತಾರೆ. ಮುಟ್ಟಿಸುತ್ತಾರೆ ಎಂದು ಬರೆಯುವಾಗ ನನಗೇ ನಗು ಬರುತ್ತದೆ. ಹೊರಡುತ್ತಾರೆ ಅನ್ನುವಷ್ಟು ಮಾತ್ರ ಸತ್ಯ.

ಗಾಡಿಯ ಕಾಯಿಲೆ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಅದರಲ್ಲಿ ಗುಟ್ಟೇನೂ ಇಲ್ಲ. ಡೀಸೆಲ್ ಎಂಜಿನ್ನಿಗೆ ಟ್ಯಾಂಕಿನಿಂದ ಬರುವ ಎಣ್ಣೆಯ ಜೊತೆ ಗಾಳಿ ಸೇರಬಾರದು. ಸೇರಿದರೆ ಪಂಪು ಎಣ್ಣೆಯ ಬದಲು ಗಾಳಿಯನ್ನೇ ನುಂಗಿ ಸುಮ್ಮನಾಗುತ್ತದೆ. ಮೆಕ್ಯಾನಿಕ್‌ಗಳು ‘ಏರ್ ಹಿಡಿದಿದೆ’ ಅನ್ನುವುದು ಇದಕ್ಕೇ. ಭಾವನ ಗಾಡಿಯಲ್ಲಿ ಎಂಜಿನ್ ಆರಿಸಿದ ಸ್ವಲ್ಪ ಹೊತ್ತಿಗೆ ಪೈಪಿನಲ್ಲಿದ್ದ ಎಣ್ಣೆ ಟ್ಯಾಂಕಿಗೆ ವಾಪಸ್ ಇಳಿದು, ಆ ಜಾಗದಲ್ಲಿ ಗಾಳಿ ತುಂಬಿಕೊಳ್ಳುತ್ತಿತ್ತು. ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಹಿಂದಿರುವ ಟ್ಯಾಂಕು ಎತ್ತರಕ್ಕೆ ಬರುವುದರಿಂದ ಎಣ್ಣೆ ಮುಂದಕ್ಕೇ ಹರಿದು ನಿಲ್ಲುತ್ತಿತ್ತು. ಸಮನೆಲದಲ್ಲಿ ನಿಲ್ಲಿಸಿದಿರೋ, ಮುಗಿಯಿತು. ಬಾನೆಟ್ ಎತ್ತಿ, ನಟ್ಟು ಸಡಿಲಿಸಿ, ನೊರೆ ಹೋಗಿ ಬರಿ ಎಣ್ಣೆ ಬರುವ ತನಕ ಕೈಪಂಪನ್ನು ಒತ್ತುತ್ತಲೇ ಇರಬೇಕು. ಒತ್ತುವವರು ಯಾರು? ಸಾಮಾನಿನ ಮಾಲೀಕರು. ಭಾವ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು ‘ಇನ್ನೂ ಒತ್ತಿ, ಇನ್ನೂ ಒತ್ತಿ’ ಅನ್ನುವವರು.

ಒಮ್ಮೆ ಹೊಸದಾಗಿ ಮದುವೆಯಾದ ಜೋಡಿಯೊಂದರ ಸಾಮಾನು ಹೇರಿಕೊಂಡು ಹೊರಟಿದ್ದರು. ದಾರಿಯಲ್ಲಿ ಬೀಡಿಗೆಂದು ಎಂಜಿನ್ ಆರಿಸಿ ಇಳಿದರಂತೆ, ಅದೂ ಊರಿನ ದೊಡ್ಡ ಚೌಕದಲ್ಲಿ, ಕನ್ನಡಿಯಷ್ಟು ಸಮತಟ್ಟಾದ ರಸ್ತೆಯಲ್ಲಿ. ಮತ್ತೆ ಸ್ಟಾರ್ಟ್ ಆಗಲಿಲ್ಲ. ಹುಡುಗನ ಅಜ್ಜಿ ಸೋಫಾದ ಜೊತೆ ಗಾಡಿಯ ಮೇಲೇ ಕೂತಿದ್ದಳು. ‘ಮನೆ ಬಂದ್ಮೇಲೇ ಇಳಿಯೋದು’ ಎಂದು ಹಟ ಹಿಡಿದು ಅಲ್ಲೇ ಕಾಲು ಮಡಚಿಕೊಂಡಳು. ಮದುಮಗ ಅಂಗಿ ಬಿಚ್ಚಿ ಕೈಪಂಪು ಒತ್ತುತ್ತಿದ್ದ. ಭಾವ ಬೆರಳಿಗೆ ಒಂದು ಹನಿ ಡೀಸೆಲ್ ಹಚ್ಚಿಕೊಂಡು ನಾಲಗೆಯ ಮೇಲಿಟ್ಟು ಕಣ್ಣು ಮುಚ್ಚಿದರು. ಯಾವ ಗಾಡಿ ಕೆಟ್ಟರೂ ಹೀಗೆ ರುಚಿ ನೋಡಿ ರೋಗ ಹೇಳುವ ಚಾಳಿ ಇದ್ದದ್ದರಿಂದಲೇ ಗ್ಯಾರೇಜಿನವರು ಅವರಿಗೆ ‘ಡೀಸೆಲ್ ಡಾಕ್ಟರು’ ಎಂದು ಹೆಸರಿಟ್ಟಿದ್ದರು. ಅದು ಗೇಲಿಯೆಂದು ತಿಳಿಯದ ಒಬ್ಬರೇ ಒಬ್ಬರು ನಮ್ಮ ಭಾವ.

ಅಷ್ಟರಲ್ಲಿ ಪೊಲೀಸಿನವನು ಬಂದ. "ರೀ, ಗಾಡಿ ತೆಗೀರಿ."

"ಈ ರಸ್ತೆ ಮಾಡಿದವನಿಗೆ ಬುದ್ಧಿ ಇಲ್ಲ ಸಾರ್," ಅಂದರು ಭಾವ. "ಒಂಚೂರೂ ಇಳಿಜಾರು ಕೊಟ್ಟಿಲ್ಲ ನೋಡಿ."

ಇಂಥವರಿಗೆ ಏನು ಹೇಳುವುದು? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ತಪ್ಪು ರಸ್ತೆಯದು, ಡೀಸೆಲ್ ಹಾಕಿದ ಬಂಕಿನವನದು, ಫಿಲ್ಟರ್ ಮಾರಿದವನದು. ಫಿಲ್ಟರ್ ಹೊಸದಾಯಿತು. ಕೈಪಂಪು ಹೊಸದಾಯಿತು. ಇಂಜೆಕ್ಟರುಗಳನ್ನು ಬಿಚ್ಚಿಸಿ ಮತ್ತೆ ಕೂರಿಸಿದ್ದಾಯಿತು. ಮೂಲೆ ಗ್ಯಾರೇಜಿನ ಮೆಕ್ಯಾನಿಕ್ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ: "ಅಣ್ಣ, ಒಂದ್ಸಲ ಟ್ಯಾಂಕ್ ಇಳಿಸಿ ನೋಡ್ಬಿಡೋಣ. ಪೈಪ್ ಹೊರಡೋ ಕಡೆ ಏರ್ ಎಳೀತಿರ್ಬೇಕು."

"ಅಲ್ಲಿ ಏನೂ ಇಲ್ಲ," ಅನ್ನುತ್ತಿದ್ದರು ಭಾವ. "ಅದು ನಾನೇ ಕಟ್ಟಿದ್ದು. ಜನ್ಮಕ್ಕಾಗೋ ಕೆಲಸ ಅದು."

ಇದೊಂದು ಮಾತಿನಲ್ಲಿ ಅವರ ಇಡೀ ಜಾತಕ ಇದೆ. ಮಗಳು ಶಾಲೆಗೆ ಸೇರಿದ ವರ್ಷ, ಟ್ಯಾಂಕಿನ ಮೇಲಿಂದ ಹೊರಡುವ ಜಾಗದಲ್ಲಿ ಪೈಪು ಬಿರುಕು ಬಿಟ್ಟಿತ್ತಂತೆ. ಅವತ್ತು ಗ್ಯಾರೇಜಿಗೆ ಬಾಗಿಲು ಹಾಕಿತ್ತು. ಭಾವ ತಾವೇ ಗಾಡಿಯ ಕೆಳಗೆ ನುಗ್ಗಿ ಏನನ್ನೋ ಸುತ್ತಿ, ತಂತಿ ಬಿಗಿದು, ಮೈಯೆಲ್ಲ ಎಣ್ಣೆ ಮಾಡಿಕೊಂಡು ಎದ್ದು ಬಂದರು. ಬಾಳಿನಲ್ಲಿ ಅವರು ತಮ್ಮ ಕೈಯಾರೆ ಮಾಡಿದ ರಿಪೇರಿ ಅದೊಂದೇ. ಆದ್ದರಿಂದ ಗಾಡಿಯಲ್ಲಿ ಬೇರೆಯವರು ಮುಟ್ಟಿದ್ದೆಲ್ಲದರ ಮೇಲೂ ಅವರಿಗೆ ಅನುಮಾನ, ಅದರ ಮೇಲೆ ಮಾತ್ರ ಇಲ್ಲ.

ಗಾಡಿ ಅವರೊಬ್ಬರನ್ನೇ ಗೋಳಾಡಿಸಿದ್ದರೆ ನಾನು ನಕ್ಕು ಸುಮ್ಮನಿರುತ್ತಿದ್ದೆ. ಗೋಳು ಅಕ್ಕನದು. ಇಳಿಜಾರು ಬೇಕೆಂಬ ಒಂದೇ ಕಾರಣಕ್ಕೆ ಅವರು ಊರಿನ ಅತಿ ಕಡಿದಾದ ಬೀದಿಯ ತುತ್ತತುದಿಯಲ್ಲಿ ಮನೆ ಹಿಡಿದಿದ್ದರು. ಗಾಡಿ ಬಾಗಿಲ ಮುಂದೆ ಮೂತಿ ಕೆಳಗೆ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟುಕೊಂಡು ರಾಜನ ಹಾಗೆ ನಿಂತಿರುತ್ತಿತ್ತು. ಅಕ್ಕ ಹಾಲು ತರಲು ಇಳಿಯಬೇಕು, ತರಕಾರಿ ಹೊತ್ತು ಹತ್ತಬೇಕು. ಅವಳ ಎರಡು ಮಂಡಿಯೂ ಸವೆದು ಹೋಗಿದ್ದವು. ಅರ್ಧ ದಾರಿಯಲ್ಲಿ ಯಾರದೋ ಗೇಟು ಹಿಡಿದು ನಿಂತು ಉಸಿರು ಬಿಡುವ ಅಕ್ಕನನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಮತ್ತು ಪ್ರತಿ ಸಲವೂ ಆ ಗಾಡಿಗೆ ಬೆಂಕಿ ಇಡಬೇಕು ಅನ್ನಿಸಿದೆ.

ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿದಾಗ ನನ್ನ ಮೊದಲ ಸಂಬಳದಲ್ಲಿ ಅಕ್ಕನಿಗೆ ಒಂದು ಬಿಸಿನೀರಿನ ಚೀಲ ತಂದುಕೊಟ್ಟಿದ್ದೆ. ಕೆಂಪು ರಬ್ಬರಿನದು, ಮೈತುಂಬ ಮೀನಿನ ಹುರುಪೆಯಂಥ ಉಬ್ಬು ಕೆತ್ತನೆ ಇತ್ತು. ಹೆರಿಗೆಯಾದಾಗಿನಿಂದ ಅವಳಿಗೆ ಸೊಂಟನೋವು, ಅದಿಲ್ಲದೆ ನಿದ್ದೆ ಹತ್ತುತ್ತಿರಲಿಲ್ಲ. ಮಗಳು ಇನ್ನೂ ಚಿಕ್ಕವಳಿದ್ದಾಗ ಒಂದು ದಿನ ಅದು ಕಾಣೆಯಾಯಿತು. "ಇಲಿ ಕಡಿದು ಹಾಕಿತ್ತು ಕಣೇ, ನಾನೇ ಬಿಸಾಕಿದೆ," ಅಂದರು ಭಾವ. ಅವತ್ತೇ ಅಕ್ಕ ಒಂದು ತಂತಿಯ ಬೋನು ತಂದಳು. ಅಟ್ಟದ ಮೇಲೆ ಇಟ್ಟು, ಬ್ರೆಡ್ಡಿನ ಚೂರು ಸಿಕ್ಕಿಸಿ, ಒಣಗಿದಾಗಲೆಲ್ಲ ಬದಲಾಯಿಸುತ್ತ ವರ್ಷಗಟ್ಟಲೆ ಕಾದಳು. ಒಂದು ಇಲಿಯೂ ಬೀಳಲಿಲ್ಲ. "ಬಲು ಜಾಣ ಇಲಿ," ಎಂದು ಭಾವ ತಲೆದೂಗುತ್ತಿದ್ದರು.

ಸೊಂಟದ ನೋವು ಇಳಿದು ಮಂಡಿಗೆ ಬಂದು ಕೂತಿತು. ಹೊಸ ಚೀಲ ತರುತ್ತೇನೆಂದು ನಾನು ಹೇಳಿದಾಗಲೆಲ್ಲ ಅಕ್ಕನದು ಒಂದೇ ಉತ್ತರ: "ಮೊದ್ಲು ಇಲಿ ಸಿಗ್ಲಿ ಬಿಡೋ. ಇದನ್ನೂ ಕಡಿದು ಹಾಕಿದ್ರೆ ನಿನ್ನ ದುಡ್ಡು ದಂಡ." ನನ್ನ ಅಕ್ಕ ಹಾಗೇ, ಒಂದು ಸಾಮಾನು ಹಾಳಾದರೆ ಯಾಕೆ ಹಾಳಾಯಿತೆಂದು ಗೊತ್ತಾಗುವವರೆಗೆ ಇನ್ನೊಂದು ತರಿಸುವವಳಲ್ಲ. ಬಟ್ಟೆ ಬಿಸಿ ಮಾಡಿ ಮಂಡಿಗೆ ಒತ್ತಿಕೊಳ್ಳುತ್ತಿದ್ದಳು.

ಮಗಳು ಮದುವೆಯಾಗಿ ಕೆಳಗಿನ ಬಡಾವಣೆಯಲ್ಲಿ ಸಂಸಾರ ಹೂಡಿದಳು. ಈಚೆಗೆ ಅವಳ ಪಕ್ಕದ ಮನೆಯೇ ಖಾಲಿಯಾಯಿತು. ಮೆಟ್ಟಿಲಿಲ್ಲ, ಏರಿಲ್ಲ, ಹಾಲಿನ ಅಂಗಡಿ ಅದೇ ಬೀದಿಯಲ್ಲಿ. ಅಕ್ಕ ಆ ಬೀದಿಯಲ್ಲಿ ಒಂದು ಸಲ ಆ ತುದಿಯಿಂದ ಈ ತುದಿಗೆ ನಡೆದು ನೋಡಿ ಬಂದಳು. ಯಾರ ಗೇಟನ್ನೂ ಹಿಡಿಯದೆ ನಡೆದೆ ಎಂದು ನನಗೆ ಹೇಳುವಾಗ ಅವಳ ಮುಖ ಅರಳಿತ್ತು. ಅವಳಿಗೆ ಬೇಕಾಗಿದ್ದು ಇಷ್ಟೇ. ಮನೆಯ ಮಾಲೀಕರು ತಿಂಗಳ ಕೊನೆಯವರೆಗೆ ಕಾಯುತ್ತೇವೆಂದಿದ್ದರು, ಆಮೇಲೆ ಬೇರೆಯವರಿಗೆ.

"ಆ ಬೀದಿ ಪೂರಾ ಚಪ್ಪಟೆ ಕಣೇ," ಅಂದರು ಭಾವ. "ಗಾಡಿ ಎಲ್ಲಿ ನಿಲ್ಲಿಸ್ಲಿ?"

"ನನ್ನ ಮಂಡಿ ಎಲ್ಲಿ ಇಟ್ಕೊಳ್ಲಿ?"

"ಮಂಡಿಗೆ ನೂರು ಔಷಧಿ ಇದೆ. ಗಾಡಿಗೆ ಇಳಿಜಾರೊಂದೇ ಔಷಧಿ."

ನನಗೆ ತಡೆಯಲಾಗಲಿಲ್ಲ. "ಭಾವ, ಆ ಟ್ಯಾಂಕ್ ಒಂದು ಇಳಿಸಿ ನೋಡಿಸ್ಬಾರ್ದಾ? ಮೆಕ್ಯಾನಿಕ್ ಬಾಯಿ ಬಡ್ಕೋತಾನೇ ಇದ್ದಾನೆ."

"ನಿನಗೇನೋ ಗೊತ್ತು ಡೀಸೆಲ್ ವಿಷಯ? ಪ್ರೆಸ್ಸಿನಲ್ಲಿ ಕಾಗದ ಕತ್ತರಿಸೋನು ನೀನು. ಟ್ಯಾಂಕ್ ತಂಟೆಗೆ ಬಂದ್ರೆ ನೋಡು ಮತ್ತೆ."

ಅಕ್ಕ ಜಗಳವಾಡಲಿಲ್ಲ. ಮರುದಿನದಿಂದ ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತತೊಡಗಿದಳು. ತಾವು ಹೂಂ ಅನ್ನದೆ ಸಾಮಾನು ಸಾಗುವುದು ಹೇಗೆಂದು ಭಾವ ಮೀಸೆಯಲ್ಲೇ ನಕ್ಕರು. ಊರಿನಲ್ಲಿ ಸಾಮಾನು ಸಾಗಿಸುವ ಇನ್ನೊಬ್ಬನಿದ್ದಾನೆ, ಬಿಳಿ ವ್ಯಾನಿನವನು. ಅವನ ವ್ಯಾನನ್ನು ಭಾವ ‘ಆಟದ ಸಾಮಾನು’ ಎಂದೇ ಕರೆಯುತ್ತಿದ್ದದ್ದು. ತಿಂಗಳ ಕೊನೆಯ ಭಾನುವಾರ ಬೆಳಗ್ಗೆ ಆ ಆಟದ ಸಾಮಾನು ಬುಸುಗುಟ್ಟುತ್ತ ಏರು ಹತ್ತಿ ಬಂದು, ಭಾವನ ಪಿಕಪ್ಪಿನ ಪಕ್ಕದಲ್ಲೇ ನಿಂತಿತು. ಸಾಮಾನು ಸಾಗಿಸುವವನ ಹೆಂಡತಿ ತನ್ನ ಮನೆ ಸಾಗಿಸಲು ಬೇರೆಯವನಿಗೆ ಹೇಳಿದ್ದಳು. ಬೀದಿಯ ಕಿಟಕಿಗಳೆಲ್ಲ ತೆರೆದವು. ಸುಳ್ಳೇಕೆ, ನನಗೆ ಬಹಳ ಸಂತೋಷವಾಯಿತು.

ಭಾವ ಹೊರಗೆ ಒಂದು ಕುರ್ಚಿ ಹಾಕಿಕೊಂಡು ಕೂತರು. ಬೀರು ಅವರ ಮುಂದೆಯೇ ಹೋಯಿತು, ಮಂಚ ಹೋಯಿತು, ಅಟ್ಟದ ಬೋನು ಕೂಡ ಹೋಯಿತು. ಹಗ್ಗದ ಗಂಟು ಸರಿಯಿಲ್ಲವೆಂದು ಒಂದು ಸಲ ಗೊಣಗಿದರು, ಅಷ್ಟೇ. ಕೊನೆಗೆ ವ್ಯಾನಿನವನು ತಲೆ ಕೆರೆದುಕೊಂಡು ಬಂದ.

"ಅಮ್ಮಾ, ಆ ಕುರ್ಚಿ?"

"ಇರ್ಲಿ ಬಿಡಪ್ಪ," ಅಂದಳು ಅಕ್ಕ. "ಅದರಲ್ಲಿ ಕೂತಿರೋರು ಚಪ್ಪಟೆ ನೆಲಕ್ಕೆ ಬರೋದಿಲ್ಲ."

ಆದರೆ ಹೊಟ್ಟೆ ಕೇಳಬೇಕಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಹೊಸ ಬೀದಿಯಲ್ಲಿ ಪಿಕಪ್ಪಿನ ಸದ್ದು ಕೇಳಿಸಿತು. ಭಾವ ಬಾಗಿಲ ಮುಂದೆ ಗಾಡಿ ನಿಲ್ಲಿಸಿದರು, ಎಂಜಿನ್ ಆರಿಸಲಿಲ್ಲ. ಆರಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ, ಗೊತ್ತು. ಇಳಿಯಲೂ ಇಲ್ಲ. ಮಗಳು ತಟ್ಟೆಯನ್ನು ಕಿಟಕಿಯಿಂದಲೇ ಕೊಟ್ಟಳು. ಗಡಗಡ ಅಲುಗುವ ಸೀಟಿನ ಮೇಲೆ ಕೂತು, ತಟ್ಟೆಯನ್ನು ಎದೆಗೆ ಒತ್ತಿಕೊಂಡು ಉಣ್ಣತೊಡಗಿದರು. ಹೊಗೆ ಅಡುಗೆಮನೆಯವರೆಗೂ ಬಂತು. ಎದುರುಮನೆಯವರು ಒಣಹಾಕಿದ ಬಟ್ಟೆ ಒಳಗೆ ತೆಗೆದುಕೊಂಡರು.

ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದಳು. ಕಿಟಕಿಯೊಳಗೆ ಕೈ ಹಾಕಿ ಸ್ಟೇರಿಂಗಿನ ಕೆಳಗಿನ ಗುಂಡಿಯನ್ನು ಎಳೆದಳು. ಹಳೆಯ ಡೀಸೆಲ್ ಗಾಡಿಗಳು ಆರುವುದೇ ಹಾಗೆ. ಎಂಜಿನ್ ಒಮ್ಮೆ ಮೈ ಕೊಡವಿ ನಿಂತಿತು. ಬಾಯಿಯಲ್ಲಿ ತುತ್ತಿಟ್ಟುಕೊಂಡೇ ಭಾವ ಅಕ್ಕನ ಮುಖ ನೋಡಿದರು.

"ಈಗ ಒಳಗೆ ಬಂದು ಉಣ್ಣಿ," ಅಂದಳು.

ಮರುದಿನ ಬೆಳಗ್ಗೆ ನಿರೀಕ್ಷೆಯಂತೆ ಗಾಡಿ ಮಿಸುಕಲಿಲ್ಲ. ಭಾವ ಮೊದಲು ನನಗೆ ಕೈಪಂಪು ತೋರಿಸಿದರು. ನಾನು ಕೈ ಕಟ್ಟಿ ನಿಂತೆ. ಅಳಿಯನಿಗೆ ತೋರಿಸಿದರು. ಅವನು ಕೆಲಸಕ್ಕೆ ಹೊತ್ತಾಯಿತೆಂದು ಜಾರಿಕೊಂಡ. ತಾವೇ ಒತ್ತಿದರು, ಅವರ ಬೆವರು ನೆಲಕ್ಕೆ ಬೀಳುವುದನ್ನು ನಾನು ಕಂಡದ್ದು ಅವತ್ತೇ ಮೊದಲು. ಸೋತು ಮೆಟ್ಟಿಲಿಲ್ಲದ ಬಾಗಿಲಲ್ಲಿ ಕುಕ್ಕರಿಸಿದಾಗ ಅಕ್ಕ ಮೂಲೆ ಗ್ಯಾರೇಜಿಗೆ ಫೋನ್ ಮಾಡಿ, "ಟ್ಯಾಂಕ್ ಇಳಿಸೋಕೆ ಬೇಕಾದ್ದೆಲ್ಲ ತಗೊಂಡೇ ಬಾಪ್ಪ," ಅಂದಳು. ಭಾವ ಈ ಸಲ ಬೇಡ ಅನ್ನಲಿಲ್ಲ. ಅನ್ನಲು ಅಲ್ಲಿ ಇಳಿಜಾರಿರಲಿಲ್ಲ.

ಮೆಕ್ಯಾನಿಕ್ ಗಾಡಿಯ ಕೆಳಗೆ ಮಲಗಿ ಬೋಲ್ಟು ಬಿಚ್ಚಿ ಟ್ಯಾಂಕನ್ನು ಇಳಿಸಿದ. ಆಮೇಲೆ ಪೈಪಿನ ತುಂಡೊಂದನ್ನು ಹಿಡಿದುಕೊಂಡು ಹೊರಗೆ ಬಂದ. ಅದರ ಬಿರುಕಿಗೆ ರಬ್ಬರಿನ ಪಟ್ಟಿ ಸುತ್ತಿ ತಂತಿ ಬಿಗಿದಿತ್ತು.

"ಇದೇ ನೋಡಿ ಅಣ್ಣ. ಡೀಸೆಲ್ ಕುಡಿದೂ ಕುಡಿದೂ ಊದ್ಕೊಂಡು ಸಡಿಲ ಆಗೋಗಿದೆ. ಇಲ್ಲೇ ಏರ್ ಎಳೀತಿದ್ದದ್ದು. ಯಾವ ರಬ್ಬರ್ ಸುತ್ತಿದ್ರಿ ಇದು?"

ಭಾವ ಆಕಾಶ ನೋಡಿದರು. ಅಕ್ಕ ಮೆಕ್ಯಾನಿಕ್‌ನ ಕೈಯಿಂದ ಅದನ್ನು ತೆಗೆದುಕೊಂಡು, ತಂತಿ ಬಿಚ್ಚಿ, ಪಟ್ಟಿಯನ್ನು ಹಳೆಬಟ್ಟೆಯಲ್ಲಿ ಒರೆಸಿದಳು. ಕಪ್ಪು ಹೋಗಿ ಕೆಂಪು ಕಾಣಿಸಿತು. ಅದರ ಮೇಲೆ ಮೀನಿನ ಹುರುಪೆಯಂಥ ಉಬ್ಬು ಕೆತ್ತನೆ ಇನ್ನೂ ಉಳಿದಿತ್ತು. ನನ್ನ ಮೈ ಉರಿದುಹೋಯಿತು. ಏನೋ ಅನ್ನಲು ಬಾಯಿ ತೆರೆದೆ. ಅಕ್ಕ ಕಣ್ಣಲ್ಲೇ ಸುಮ್ಮನಿರು ಅಂದಳು.

ಮೆಕ್ಯಾನಿಕ್ ಹೊಸ ಪೈಪು ಹಾಕಿ, ಟ್ಯಾಂಕ್ ಮೇಲೇರಿಸಿ, ಏರ್ ತೆಗೆದು ಕೀಲಿ ತಿರುಗಿಸಿದ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಆರಿಸಿ, ಎಲ್ಲರೂ ಒಂದೊಂದು ಲೋಟ ಚಹಾ ಕುಡಿದ ಮೇಲೆ ಮತ್ತೆ ತಿರುಗಿಸಿದ. ಮತ್ತೆ ಸ್ಟಾರ್ಟ್ ಆಯಿತು, ಅಂಗೈಯಷ್ಟು ಸಪಾಟಾದ ಬೀದಿಯಲ್ಲಿ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದನ್ನು ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ. ಭಾವ ಎದ್ದು ನಿಂತು ಮೆಕ್ಯಾನಿಕ್‌ನ ಬೆನ್ನು ತಟ್ಟಿದರು. "ನೋಡಿದ್ಯಾ? ಬರೀ ಒಂದು ರಬ್ಬರ್ ತುಂಡು, ಇಷ್ಟು ವರ್ಷ ತಡೀತು. ಕೈಗುಣ ಅಂದ್ರೆ ಅದು."

ಅಕ್ಕ ಒಳಗೆ ಹೋಗಿ, ಇನ್ನೂ ಬಿಚ್ಚದ ಗಂಟುಮೂಟೆಗಳ ನಡುವಿನಿಂದ ಬೋನನ್ನು ಹುಡುಕಿ ತಂದಳು. ಒಣಗಿದ ಬ್ರೆಡ್ಡಿನ ಚೂರನ್ನು ತೆಗೆದೆಸೆದು, ಆ ಕೆಂಪು ಪಟ್ಟಿಯನ್ನು ಒಳಗಿಟ್ಟು, ಬಾಗಿಲು ಬೀಳಿಸಿದಳು. ಗಂಡನಿಗೆ ಚೆನ್ನಾಗಿ ಕಾಣುವಂತೆ ಅದನ್ನು ಗಾಡಿಯ ಬಾನೆಟ್ಟಿನ ಮೇಲೆ ಇಟ್ಟಳು. ಭಾವನ ಕೈ ಮೆಕ್ಯಾನಿಕ್‌ನ ಬೆನ್ನ ಮೇಲೇ ನಿಂತುಬಿಟ್ಟಿತು.

ಆಮೇಲೆ ಅಕ್ಕ ಹಾಲಿನ ಪಾತ್ರೆ ಎತ್ತಿಕೊಂಡು, ಯಾವ ಗೇಟನ್ನೂ ಹಿಡಿಯದೆ, ಅಂಗಡಿಯ ಕಡೆ ನಡೆದಳು. ನಾಲ್ಕು ಹೆಜ್ಜೆ ಹೋಗಿ ನನ್ನ ಕಡೆ ತಿರುಗಿದಳು.

"ಇಲಿ ಸಿಕ್ತು ಕಣೋ. ಇನ್ನು ಆ ಚೀಲ ತಂದ್ಕೊಡು."